ಗ್ರೇಸಮ್ಮನ ಶಿಲುಬೆ, ಮೇಷ್ಟ್ರ ಗ್ರೀಕ್

ಬೆಳಿಗ್ಗೆ ಸ್ನಾನ ಮುಗಿಸಿ ಬರುವಾಗ ನನ್ನ ಕೊರಳಿನ ಶಿವದಾರ ಕಿತ್ತು ಬಂತು. ಲಿಂಗದ ಕರಡಿಗೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಬೀರು ತಡಕುತ್ತಾ ಹೊಸ ದಾರ ಹುಡುಕುವಾಗ ಗ್ರೇಸಮ್ಮನ ಹಳೆಯ ಮಾತೊಂದು ನೆನಪಾಯಿತು. ನನ್ನ ಶಿವದಾರಕ್ಕೂ ಗ್ರೇಸಮ್ಮನಿಗೂ ಏನು ಸಂಬಂಧ ಅಂತೀರಾ? ಹೇಳುತ್ತೇನೆ, ಸ್ವಲ್ಪ ಸುತ್ತಿ ಬಳಸಿ ಹೇಳುವುದು ನನ್ನ ಅಭ್ಯಾಸ.

ಕತ್ರಿಗುಪ್ಪೆಯ ನಮ್ಮ ಮನೆಯ ಕೆಳಗಿನ ಭಾಗಕ್ಕೆ ಗ್ರೇಸಮ್ಮ, ಆಕೆಯ ಗಂಡ ದಾನಿಯೇಲ್ ಮೇಷ್ಟ್ರು ಬಾಡಿಗೆಗೆ ಬಂದವರು. ನಿವೃತ್ತರಾದ ಮೇಲೆ ಮೇಷ್ಟ್ರು ಗ್ರೀಕ್ ಕಲಿಯಲು ಹೊರಟರು. ಆ ವಯಸ್ಸಿನಲ್ಲಿ ನಮ್ಮ ಯಜಮಾನರು ಮಂಡಿನೋವಿನ ಎಣ್ಣೆ ಹುಡುಕುತ್ತಿದ್ದರು. ಒಂದು ಸಂಜೆ ಕಾಫಿ ಕುಡಿಯುತ್ತಾ ಮೇಷ್ಟ್ರು ವಿವರಿಸಿದರು: ಬೈಬಲ್ಲಿನಲ್ಲಿ ನಾವು ಶಿಲುಬೆ ಎಂದು ಓದುವ ಕಡೆ ಗ್ರೀಕಿನಲ್ಲಿ ಇರುವುದು ಸ್ಟೌರೊಸ್, ಅದರ ಮೂಲ ಅರ್ಥ ನೆಲಕ್ಕೆ ನೆಟ್ಟ ಕಂಬ, ಅಡ್ಡಪಟ್ಟಿ ಇತ್ತೋ ಇಲ್ಲವೋ ಆ ಪದ ಹೇಳುವುದಿಲ್ಲ. ನಾನು ತಲೆಯಾಡಿಸಿದೆ. ಕಣ್ಣ ಮುಂದೆ ಬಂದದ್ದು ಮದುವೆ ಚಪ್ಪರದ ಕಂಬ.

ಗ್ರೇಸಮ್ಮನಿಗೆ ಅದು ಅಲ್ಲಿಗೇ ಮುಗಿಯಲಿಲ್ಲ. ಖಚಿತವಿಲ್ಲದ ಆಕಾರಕ್ಕೆ ಕೈಮುಗಿಯುವುದು ತಪ್ಪೆಂದು ಮೇಷ್ಟ್ರು ಗೋಡೆಯ ಶಿಲುಬೆಯನ್ನು ಇಳಿಸಿಬಿಟ್ಟರು. ಅದು ಆಕೆಯ ತಾಯಿ ಕೊನೆಯುಸಿರಿನವರೆಗೂ ಹಿಡಿದುಕೊಂಡಿದ್ದ ಮರದ ಶಿಲುಬೆ. ಆಕೆ ಅದನ್ನು ಸೆರಗಿನಲ್ಲಿ ಸುತ್ತಿ ಒಯ್ದು ಬೇಳೆ ಡಬ್ಬಿಗಳ ಹಿಂದೆ ಇಟ್ಟುಕೊಂಡರು. ಮದುವೆಯಾದಾಗಿನಿಂದ ಒಟ್ಟಿಗೆ ಪ್ರಾರ್ಥನೆಗೆ ಕೂರುತ್ತಿದ್ದ ಗಂಡಹೆಂಡತಿ, ಒಬ್ಬರು ನಡುಮನೆಯಲ್ಲಿ, ಒಬ್ಬರು ಅಡುಗೆಮನೆಯಲ್ಲಿ ಕೂರತೊಡಗಿದರು. ನೋಡಿ ನನಗೇ ಸಂಕಟವಾಗುತ್ತಿತ್ತು.

ಮನೆ ಓನರಮ್ಮ ಎಂಬ ಗತ್ತಿನಲ್ಲಿ ನ್ಯಾಯ ಹೇಳಲು ಹೋದೆ. ಮೇಷ್ಟ್ರು ಓದಿದವರು, ಅರ್ಥ ತಿಳಿದೇ ಹೇಳಿರುತ್ತಾರೆ ಎಂದೆ. ಗ್ರೇಸಮ್ಮ ನನ್ನ ಕೊರಳು ನೋಡಿದರು.

"ನೀವು ಅರ್ಥ ತಿಳ್ಕೊಂಡು ಕಟ್ಕೊಂಡ್ರಾ ಅಕ್ಕ?"

ನನಗೆ ಲಿಂಗ ಕಟ್ಟಿದಾಗ ನಾನು ತೊಟ್ಟಿಲಿನ ಕೂಸು. ಮೆಟ್ಟಿಲು ಹತ್ತಿ ಬಂದೆ.

ಆಮೇಲೆ ಮೇಷ್ಟ್ರು ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಗಂಜಿ ತೆಗೆದುಕೊಂಡು ಹೋದಾಗ ಗ್ರೇಸಮ್ಮ ಮಂಚದ ಪಕ್ಕ ಕೂತಿದ್ದರು, ಕೈ ಸೆರಗಿನೊಳಗಿತ್ತು. ಒಳಗೇನಿದೆ ಎಂದು ಮೇಷ್ಟ್ರಿಗೂ ಗೊತ್ತಿತ್ತು.

"ಆ ಪದಕ್ಕೆ ಕಂಬ ಅಂತಾನೇ ಅರ್ಥ ಕಣೇ," ಎಂದರು. ಉಸಿರು ಎಳೆದುಕೊಂಡು ಮುಂದುವರಿಸಿದರು, "ಅದನ್ನ ಇಲ್ಲಿ ಕೊಡು. ನೀನೂ ಹಿಡ್ಕೋ. ಇಬ್ರೂ ಪ್ರಾರ್ಥನೆ ಮಾಡೋಣ."

ಗಂಜಿ ಪಾತ್ರೆಯನ್ನು ಹೊಸ್ತಿಲಲ್ಲಿಟ್ಟು ಮೇಲೆ ಬಂದು ಅತ್ತುಬಿಟ್ಟೆ. ಮೇಷ್ಟ್ರು ಹೋದರು. ಗ್ರೇಸಮ್ಮ ಈಗಲೂ ಕೆಳಗೇ ಇದ್ದಾರೆ.

ಹೊಸ ದಾರ ಸಿಕ್ಕಿತು. ಇಷ್ಟು ವರ್ಷ ಕುಕ್ಕರ್ ಕೂಗುವುದರೊಳಗೆ ಒಬ್ಬಳೇ ಪೂಜೆ ಮುಗಿಸಿ ಎದ್ದವಳು ನಾನು. ಇವತ್ತು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಯಜಮಾನರನ್ನು ಕರೆದೆ, ಒಟ್ಟಿಗೆ ಪೂಜೆಗೆ ಕೂರೋಣ ಬನ್ನಿ ಎಂದೆ.

"ಮಂಡಿ ಮಡಚಕ್ಕೆ ಆಗಲ್ವಲ್ಲೇ," ಎಂದರು.

"ಕುರ್ಚಿ ಹಾಕ್ತೀನಿ, ಬನ್ನಿ."