ಕೋಣಗರುವಿನ ಪಾಲು

ಕೇಳಿರಿ, ಕೊಟ್ಟಿಗೆಯಲ್ಲಿ ಎಮ್ಮೆ ಕಟ್ಟಿದವರೇ, ಹೊತ್ತು ಮೂಡುವ ಮೊದಲೇ ಗಟ್ಟಿ ಹಾಲಿನ ಚಹಾ ಬಯಸುವವರೇ, ತುಸು ಕಿವಿಗೊಟ್ಟು ಕೇಳಿರಿ. ದಯೆಯನ್ನು ಬಾಯಲ್ಲಿ ಆಡುವವರು ಬಹಳ. ಅದನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದವಳು ದುರುಗವ್ವ.

ಹಿಟ್ನಾಳದಾಚೆಯ ಒಂದು ಹಳ್ಳಿ ಅವಳದು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳು ಹೆಚ್ಚಿದಂತೆ ಚಹಾದಂಗಡಿಗಳೂ ಹೆಚ್ಚಿ, ಹಳ್ಳಿಯ ಹಾಲೆಲ್ಲ ಬೆಳಗಿನ ಬಸ್ಸೇರಿ ಹೋಗುತ್ತಿತ್ತು. ಕರು ಕುಡಿದ ಹಾಲಿಗೆ ಕಾಸು ಹುಟ್ಟುವುದಿಲ್ಲವಷ್ಟೆ. ಹೆಣ್ಣುಗರುವಾದರೆ ನಾಳೆ ಎಮ್ಮೆಯಾದೀತೆಂದು ಉಳಿಸುತ್ತಿದ್ದರು. ಕೋಣಗರುವನ್ನು ಯಾರೂ ಕೊಲ್ಲುತ್ತಿರಲಿಲ್ಲ. ಅದಕ್ಕೆ ಹಾಲು ಬಿಡುತ್ತಿರಲಿಲ್ಲ, ಅಷ್ಟೆ. ಅದು ಗೂಟದಲ್ಲೇ ಒಣಗಿ ಸತ್ತ ಮೇಲೆ ಚರ್ಮದೊಳಗೆ ಹುಲ್ಲು ತುಂಬಿ ಹೊಲಿಸಿ, ತನ್ನ ಕರುವೇ ಎಂದು ನಂಬಿ ಎಮ್ಮೆ ಹಾಲು ಇಳಿಸಲೆಂದು ಆ ಗೊಂಬೆಯನ್ನು ತಾಯಿಯ ಮುಂದೆ ನಿಲ್ಲಿಸಿ ಹಿಂಡುತ್ತಿದ್ದರು.

ದುರುಗವ್ವ ಅಂಥ ಕರುಗಳನ್ನು ಬೇಡಿ ತಂದು ಸಾಕಿದಳು. ಗಂಡ ಮುದುಕಪ್ಪ ಗಂಗಾವತಿಯ ಗಿರಣಿಯೊಂದರಲ್ಲಿ ಹಮಾಲಿ. ಅಗ್ಗದ ತೌಡು ಅವನ ಹೆಗಲೇರಿ ಬರುತ್ತಿತ್ತು. ಎಳೆಯವಕ್ಕೆ ಮೇಕೆಯ ಹಾಲು, ನುಚ್ಚಿನ ಗಂಜಿ. ಬಲಿತವಕ್ಕೆ ತೌಡು, ನೆಲ್ಲುಹುಲ್ಲು. ಬೆಳೆದ ಕೋಣಗಳಲ್ಲಿ ಕೆಲವು ಗದ್ದೆಯ ಕೆಸರು ಹೊಡೆಯಲು ಹೋದವು. ಉಳಿದವನ್ನು ಕೊಂಡವಳು ತಾವರಗೇರಾದ ಜುಬೇದಾಬೀ. ತೀರಿಹೋದ ಗಂಡನ ದನದ ವ್ಯಾಪಾರವನ್ನು ತಾನೇ ನಡೆಸುತ್ತಿದ್ದ ಅವಳು ಕೋಣಗಳನ್ನು ಮುಂಬೈಗೆ ಕಳಿಸುತ್ತಿದ್ದಳು. ಅಲ್ಲಿಂದ ಮಾಂಸ ಹಡಗೇರಿ ಅರಬರ ನಾಡಿಗೆ.

"ಎಲುಬಿನ ಗೂಡಿಗಿ ಅಲ್ಲಿ ಗಿರಾಕಿ ಇಲ್ಲ, ದುರುಗವ್ವ," ಎಂದಿದ್ದಳು ಜುಬೇದಾಬೀ. "ಮೈತುಂಬಿದ್ದಕ್ಕ ಐತಿ. ನೀ ಹೆಂಗ ಮೇಯಿಸ್ತಿ, ಹಂಗ ನಿನ್ನ ಬೆಲಿ."

ಊರು ಇದನ್ನು ಸಹಿಸಲಿಲ್ಲ. ಹಾಲು ಕಳಿಸುವವರ ಮುಂದಾಳು ಹಂಪಣ್ಣ ಅವಳನ್ನು ಕಟ್ಟೆಗೆ ಕರೆಸಿದ.

"ಕತ್ತಿಗಿ ಕಳಸೂ ದನ ನಮ್ಮ ಕೆರಿ ನೀರು ಕುಡೀಬಾರ್ದು. ನಾಳಿಂದ ಬಂದ್."

"ಹಂಗಾರ ಹುಲ್ಲಿನ ಗೊಂಬಿ ಬಂದು ಕುಡೀತಾವೇನ್ರಿ, ಯಪ್ಪಾ?"

ಕಟ್ಟೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಬಾಯಿ ಭಾಳ ಆತು ನಿಂದು," ಎಂದ ಹಂಪಣ್ಣ.

"ಹಸದು ಸಾಯೂವಕ್ಕ ಬಾಯಿ ಇಲ್ಲಲ್ರಿ. ಅವುಗಳ ಪಾಲಿಂದು ನಾನ ಆಡಬೇಕು."

ನೀರಿಲ್ಲದಿದ್ದರೆ ಅರೆಬೆಳೆದ ಅಷ್ಟೂ ಕರುಗಳನ್ನು ಬಿಟ್ಟುಕೊಡಬೇಕು. ಮುದುಕಪ್ಪ ಹೆದರಿದ. "ಊರು ಎದುರು ಹಾಕ್ಕೊಂಡು ಬಾಳ್ವಿ ಆದೀತೇನ? ಮಾರಿಬಿಡೂಣು."

"ಮಳಿ ಸುರಿಸಿದಾಂವ ಹಂಪಣ್ಣನ ಅಪ್ಪಣಿ ಕೇಳಿಲ್ಲ," ಎಂದಳು ದುರುಗವ್ವ. "ನಾನೂ ಕೇಳೂದಿಲ್ಲ."

ಮರುದಿನ ಊರ ಎಮ್ಮೆಗಳೆಲ್ಲ ನೀರಿಗಿಳಿದ ಹೊತ್ತಿಗೇ ಅವಳು ಹಿಂಡು ಹೊಡೆದುಕೊಂಡು ಬಂದಳು. ಎಲ್ಲಕ್ಕಿಂತ ಹಿಂದೆ ಹಣೆಗೆ ಬಿಳಿಯ ಚುಕ್ಕೆಯಿದ್ದ ಸಣ್ಣ ಕರು. ವಾರದ ಹಿಂದೆ, ಇನ್ನೇನು ಸಾಯುತ್ತದೆಂದು ಹಳ್ಳದ ದಂಡೆಯಲ್ಲಿ ಬಿಸುಟಿದ್ದನ್ನು ಅವಳೇ ಹೆಗಲ ಮೇಲೆ ತಂದಿದ್ದಳು. ಏರಿಯ ಮೇಲೆ ಕೋಲು ಹಿಡಿದು ಹಂಪಣ್ಣ ನಿಂತಿದ್ದ. ಅಂದು ಅವನಿಗೆ ಮೊದಲೇ ಸಿಟ್ಟು: ಅವನ ಎಮ್ಮೆ, ಹಿಂದಿನ ಸೂಲಿನ ಕರುವಿನ ಚರ್ಮದಿಂದ ಮಾಡಿಟ್ಟಿದ್ದ ಹುಲ್ಲಿನ ಗೊಂಬೆಯನ್ನು ಕೊಂಬಿನಿಂದ ಹರಿದುಹಾಕಿ, ಹಾಲು ಇಳಿಸದೆ ನಿಂತುಬಿಟ್ಟಿತ್ತು.

"ತಿರುಗಸು."

"ಬಡಿಯೂದಾದ್ರ ನನಗ ಬಡೀರಿ. ಇವು ಕುಡದ ಹೋಗ್ತಾವ."

ಅವಳು ಕೋಲಿನ ಕೆಳಗೇ ನಡೆದು ನೀರಿಗಿಳಿದಳು. ಹಿಂದುಳಿದ ಸಣ್ಣ ಕರು ಒಮ್ಮೆ ಕೂಗಿತು. ಕೆರೆಯ ನಡುವಿನಿಂದ ಹಂಪಣ್ಣನ ಎಮ್ಮೆ ಕೆಸರು ಸೀಳಿಕೊಂಡು ಬಂದು, ಆ ಕರುವನ್ನು ಮೂಸಿ, ತಲೆಯಿಂದ ಬಾಲದವರೆಗೆ ನೆಕ್ಕತೊಡಗಿತು. ಅದರ ನಾಲ್ಕೂ ಮೊಲೆಗಳಿಂದ ಹಾಲು ನೆಲಕ್ಕೆ ತೊಟ್ಟಿಕ್ಕಿತು. ಸೃಷ್ಟಿಕರ್ತನ ಶಾಸನ ಎಲ್ಲಿ ಬರೆದಿದೆಯೆಂದು ಕೇಳುವವರು ಆ ದಂಡೆಯಲ್ಲಿ ನಿಲ್ಲಬೇಕಿತ್ತು.

ಹಂಪಣ್ಣನ ಕೋಲು ಕೆಳಗಿಳಿಯಿತು. "ಇದು ನಮ್ಮ ಕರು."

"ನಿಮ್ದ ಐತ್ರಿ. ನರಿ ಪಾಲಿಗಿ ಇಟ್ಟಿದ್ರಿ. ನಾ ನರಿಗಿಂತ ಮದ್ಲ ಹೋದೆ."

"ಕೊಡು ಹಂಗಾರ. ಹಾಲು ನಿಂತೈತಿ."

"ಕೊಡ್ತೀನ್ರಿ. ಹಿಂಡೂ ಮುಂದ ಒಂದು ಮೊಲಿ ಅದಕ್ಕ ಬಿಡಬೇಕು. ಹುಲ್ಲು ಕಡಿಯೂ ಹಂಗಾದ ಮ್ಯಾಲ ನನ್ನ ಗೂಟಕ್ಕ ಬರಬೇಕು."

"ಆಮ್ಯಾಲ ಮುಂಬೈಗಿ ಕಳಸ್ತಿ, ಹೌದಿಲ್ಲೊ?"

"ಕಳಸ್ತೀನಿ. ಮುಚ್ಚೂದೇನೈತಿ? ಹೊಟ್ಟಿತುಂಬ ಉಂಡು, ಎರಡು ಮಳಿಗಾಲ ನೋಡಿ ಹೋಗ್ತೈತಿ. ನಿಮ್ಮ ಗೂಟದಾಗ ಒಂದು ಅಮಾಸಿನೂ ನೋಡತಿದ್ದಿಲ್ಲ."

ಹಂಪಣ್ಣ ಕೋಲನ್ನು ಕಂಕುಳಿಗೆ ಸಿಕ್ಕಿಸಿದ. "ಒಂದ ಮೊಲಿ," ಎಂದ.

"ಯಾವುದಂತ ನಾ ಆರಸ್ತೀನ್ರಿ. ನೀವು ಹಾಲು ಕಡಿಮಿ ಇದ್ದದ್ದನ್ನ ತೋರಸ್ತೀರಿ."

ಈ ಸಲ ಇಡೀ ದಂಡೆ ನಕ್ಕಿತು.

ಯುಗಾದಿಗೆ ಮುಂಚೆ ಕರು ಅವಳ ಗೂಟಕ್ಕೆ ಬಂತು. ಹಗ್ಗ ಹಿಡಿದು ತಂದವನು ಹಂಪಣ್ಣನೇ. ಅವಳ ಹಿಂಡನ್ನು ಕೆರೆಯಲ್ಲಿ ಮತ್ತೆ ಯಾರೂ ತಡೆಯಲಿಲ್ಲ. ಕೊನೆಗೆ ಕತ್ತಿಯಿದೆ ಎಂಬುದನ್ನು ದುರುಗವ್ವ ಎಂದೂ ಮರೆಮಾಚಲಿಲ್ಲ. ದೇವರ ಮುಂದೆ ನಿಂತರೂ ಅದನ್ನೇ ತಲೆಯೆತ್ತಿ ಹೇಳಿಯಾಳು.

ಬಂಧುಗಳೇ, ನಾಳೆ ನಸುಕಿನಲ್ಲಿ ತಂಬಿಗೆ ಹಿಡಿದು ಎಮ್ಮೆಯ ಮಗ್ಗುಲಿಗೆ ಕೂತಾಗ, ಎದುರಿಗೆ ಕಟ್ಟಿದ್ದು ಕೋಣಗರುವಾದರೂ ಸರಿ, ಮೊದಲು ಅದರ ಹಗ್ಗ ಬಿಚ್ಚಿರಿ. ಒಂದು ಮೊಲೆಯನ್ನು ಅದಕ್ಕೆ ಬಿಡಿರಿ.