ಸೆಲ್ ಮುಗಿದಿರಲಿಲ್ಲ

ಗಂಟಲಿನ ಆಪರೇಷನ್ ಆದ ಮೇಲೆ ಅವ್ವ ಒಂದೂವರೆ ತಿಂಗಳು ಮಾತಾಡಲಿಲ್ಲ. ಬೇಕಾದ್ದನ್ನು ನನ್ನ ಹಳೆಯ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದಳು. ಮೊದಲ ಮಾತು ಬಂದ ದಿನ ನಾನು ಒಳಗೆ ಹಿಟ್ಟು ಕಲಸುತ್ತಿದ್ದೆ. ಅಂಗಳದಿಂದ ಯಾರೋ ಗಂಡಸು ಕರೆದಂತಾಯಿತು. ಹೊರಗೆ ಬಂದರೆ ಅವ್ವ ಒಬ್ಬಳೇ ನಿಂತಿದ್ದಳು. ನನ್ನ ಮುಖ ನೋಡಿ ಮತ್ತೆ ಸ್ಲೇಟು ಎತ್ತಿಕೊಂಡಳು. ಆ ಹೊತ್ತು ನನ್ನ ಮುಖ ಹೇಗಿತ್ತೋ, ಅದಕ್ಕಾಗಿ ಇವತ್ತಿಗೂ ನನಗೆ ಸಮಾಧಾನವಿಲ್ಲ.

ಸುರಪುರದ ನಮ್ಮ ಓಣಿಯಲ್ಲಿ ಮದುವೆಯಾದರೆ ಸೋಬಾನ ಪದದ ಸೊಲ್ಲು ಎತ್ತುವವಳು ಅವ್ವ. ಒಬ್ಬಳು ಎತ್ತಬೇಕು, ಉಳಿದವರು ಅದೇ ದನಿಗೆ ಹಿಡಿಯಬೇಕು. ಅವ್ವನ ದನಿ ಓಣಿ ದಾಟಿ ಕೇಳುತ್ತಿತ್ತು. ಈಗ ರಂಗಂಪೇಟೆಯಲ್ಲಿ ಸೋದರಮಾವನ ಮಗಳ ಮದುವೆ ಗೊತ್ತಾಗಿತ್ತು.

"ನಾ ಅಡಿಗಿ ಕಡಿ ಇರ್ತೀನಿ. ಪದಕ್ಕ ಬ್ಯಾರೆದವರನ್ನ ಕರೀರಿ," ಎಂದಳು ಅವ್ವ. ಸ್ಲೇಟು ಬಿಟ್ಟ ಮೇಲೂ ಅವಳು ಬರೀ ಪಿಸುದನಿಯಲ್ಲೇ ಮಾತಾಡುತ್ತಿದ್ದಳು.

"ಅತ್ತಿ, ನೀ ಹಾಡಲಿಲ್ಲಂದ್ರ ನಾ ಅರಿಷಿಣಕ್ಕ ಕೂಡಂಗಿಲ್ಲ," ಎಂದು ಆ ಹುಡುಗಿ ಅತ್ತು ಹೋದಳು.

ನಾನಾಗ ಶಹಾಪುರದಲ್ಲಿ ಕಾಲುವೆ ಕಚೇರಿಯ ಟೈಪಿಸ್ಟ್. ವರ್ಗವಾಗಿ ಹೋಗುತ್ತಿದ್ದ ಎಂಜಿನಿಯರೊಬ್ಬರು ಎರಡು ಕ್ಯಾಸೆಟ್ ಕೊಟ್ಟರು. ಒಂದು ಹೊರದೇಶದ ರಾಕ್ ಬ್ಯಾಂಡಿನದು. ಇನ್ನೊಂದರಲ್ಲಿ ಆ ಬ್ಯಾಂಡಿನ ಹಾಡುಗಳನ್ನೇ ಅಮೆರಿಕದಲ್ಲಿ ಬ್ಲೂಸ್ ಎಂಬ ಹಳೆಯ ಕಾಲದ ಪದ ಹಾಡುವವರು, ವಯಸ್ಸಾದವರು, ತಮ್ಮ ರೀತಿಯಲ್ಲಿ ಹಾಡಿದ್ದರು. "ಬ್ಯಾಂಡಿನ ಹುಡುಗರು ಕಲಿತದ್ದೇ ಇಂಥ ಮುದುಕರ ಹಾಡು ಕೇಳಿ," ಎಂದು ಅವರು ಹೇಳಿದ್ದು ನೆನಪಿದೆ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ, ಕರೆಂಟ್ ಇರಲಿಲ್ಲ, ಟೇಪಿಗೆ ನಾಲ್ಕು ಸೆಲ್ ಹಾಕಿ ಬ್ಯಾಂಡಿನ ಕ್ಯಾಸೆಟ್ ಹಚ್ಚಿದೆ. ಪಕ್ಕದ ಮನೆಯ ಖಾಲಾ ಹೊಲಿಗೆ ಹಿಡಿದುಕೊಂಡು ನಮ್ಮ ಕಟ್ಟೆಯ ಮೇಲೆ ಕೂತಿದ್ದಳು.

"ಯಾ ಅಲ್ಲಾ, ಇವರಿಗೇನು ನಾಯಿ ಬೆನ್ನ ಹತ್ತ್ಯದೇನು?"

ಎರಡನೆಯದು ಹಚ್ಚಿದೆ. ಅದೇ ಹಾಡು. ಆದರೆ ದನಿ ನೆಲಕ್ಕೆ ಇಳಿದಿತ್ತು, ಸೊಲ್ಲಿಗೂ ಸೊಲ್ಲಿಗೂ ನಡುವೆ ಒಬ್ಬರು ಎದ್ದು ನೀರು ಕುಡಿದು ಬರುವಷ್ಟು ತಡ.

"ಸೆಲ್ ಮುಗದಾವ," ಎಂದಳು ಅವ್ವ, ಪಿಸುದನಿಯಲ್ಲಿ.

ನನಗೂ ಹಾಗೇ ಅನಿಸಿತು. ಸೆಲ್ ಸೋತರೆ ಟೇಪಿನಲ್ಲಿ ಹೆಂಗಸಿನ ಹಾಡೂ ಗಂಡಸಿನದಾಗುತ್ತದೆ. ಅವ್ವ ನಾಲ್ಕೂ ಸೆಲ್ ತೆಗೆದು ಮಾಳಿಗೆಯ ಮೇಲೆ ಮೆಣಸಿನಕಾಯಿಯ ಪಕ್ಕ ಬಿಸಿಲಿಗೆ ಇಟ್ಟಳು. ಒಂದು ತಾಸು ಬಿಟ್ಟು ಹಾಕಿದರೂ ಅದೇ ದನಿ.

"ಅಕ್ಕಾ, ಇವಕ್ಕ ಬಿಸಿಲು ಸಾಲಂಗಿಲ್ಲ, ದವಾಖಾನಿಗೇ ಒಯ್ರಿ," ಎಂದಳು ಖಾಲಾ.

ಅಂಗಡಿಗೆ ಹೋಗಿ ಹೊಸ ಸೆಲ್ ತಂದೆ. ಅದೇ ದನಿ. ಮೊದಲಿನ ಕ್ಯಾಸೆಟ್ ಹಚ್ಚಿದರೆ ಹುಡುಗರು ಮೊದಲಿನಂತೆಯೇ ಓಡುತ್ತಿದ್ದರು.

"ಅವ್ವ, ಅವನ ದನಿನೇ ಹಂಗದ," ಎಂದೆ.

ಅವ್ವ ಮತ್ತೊಮ್ಮೆ ಹಚ್ಚಿಸಿದಳು. ಮೂರನೆಯ ಸಲ ಕಣ್ಣು ಮುಚ್ಚಿ ಕೇಳಿದಳು. "ಮುದುಕಗ ಆ ಹುಡುಗರಂಗ ಏರಾಕ ಆಗಂಗಿಲ್ಲ. ಅದಕ್ಕ ಹಾಡನ್ನೇ ತನ್ನ ಕಡಿ ಇಳಿಸ್ಕೊಂಡಾನ," ಎಂದಳು. ಪಿಸುದನಿ ಬಿಟ್ಟು ಹೇಳಿದ್ದಳು. ಖಾಲಾ ಸೂಜಿ ನಿಲ್ಲಿಸಿ ನನ್ನತ್ತ ನೋಡಿದಳು.

ಅರಿಷಿಣದ ದಿನ ಹುಡುಗಿ ಮಣೆಯ ಮೇಲೆ ಕೂತು, ಯಾರಿಗೂ ಕೈ ಹಚ್ಚಗೊಡದೆ ಅವ್ವನನ್ನೇ ನೋಡುತ್ತಿದ್ದಳು. ಅವ್ವ ಸೊಲ್ಲು ಎತ್ತಿದಳು, ಕೆಳಗೆ, ನಿಧಾನಕ್ಕೆ. ಹೆಂಗಸರು ರೂಢಿಯಂತೆ ಹಳೆಯ ಎತ್ತರಕ್ಕೇ ಹಿಡಿದರು. ಎರಡು ದನಿ ಒಂದಕ್ಕೊಂದು ಬಡಿದು ಹಾಡು ಒಡೆಯಿತು. ಹಿಂದೆ ಯಾರೋ ನಕ್ಕರು. ಅವ್ವ ನಿಲ್ಲಿಸಿದಳು.

"ಮ್ಯಾಗ ಯಾರನ್ನ ಹುಡುಕಾಕತ್ತೀರಿ? ನಾ ಇಲ್ಲಿ ಅದೀನಿ, ಇಳದು ಬರ್ರಿ," ಎಂದು ಅವ್ವ ಮತ್ತೆ ಎತ್ತಿದಳು.

ಮೊದಲು ಹಿಡಿದವಳು ನಮ್ಮ ಜೊತೆ ಬಂದಿದ್ದ ಖಾಲಾ. ಆಮೇಲೆ ಇಬ್ಬರು, ಆಮೇಲೆ ಎಲ್ಲರೂ. ಹುಡುಗಿ ಕೆನ್ನೆ ಮುಂದೆ ಮಾಡಿದಳು.

ಪದ ಮುಗಿದಾಗ ಗೋಡೆಗೆ ಒರಗಿದ್ದ ಮುದುಕಿಯೊಬ್ಬಳು ಅವ್ವನ ಮೊಣಕೈ ಹಿಡಿದಳು. "ಇಷ್ಟು ವರ್ಷ ನಿನ್ನ ದನಿ ಮುಟ್ಟಾಕ ಆಗದೆ ಬರೇ ಬಾಯಿ ಆಡಸ್ತಿದ್ದೆ, ತಂಗಿ. ಇವತ್ತ ಹಾಡೀನಿ ನೋಡು."

"ಹಂಗಾದ್ರ ಸರದು ಕೂಡು, ಆಯಿ," ಎಂದು ಅವ್ವ ಅವಳ ಪಕ್ಕ ಕೂತು ಮುಂದಿನ ಪದ ಎತ್ತಿದಳು.