ಕೂರಿಗೆಗೆ ಬೀಜ ಬಿಟ್ಟ ಕೈ

ಎತ್ತಿನ ಹಿಂದೆ ನಮ್ಮ ಕೂರಿಗೆ ನಡೆದದ್ದು ಅದೇ ಕೊನೆಯ ದಿನ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಬಿಳಿಚೋಡಿನ ಕಡೆಯ ಹೊಲದಲ್ಲಿ ಜೋಳ ಬಿತ್ತುತ್ತಿದ್ದೆವು. ನಾನು ಎತ್ತು ಹೊಡೆಯುತ್ತಿದ್ದೆ. ನನ್ನ ಹೆಂಡತಿ ಉಡಿಯಲ್ಲಿ ಬೀಜ ಕಟ್ಟಿಕೊಂಡು ಹಿಂದೆ ನಡೆಯುತ್ತ, ಕೂರಿಗೆಯ ಮರದ ಬಟ್ಟಲಿಗೆ ಬೀಜ ಬಿಡುತ್ತಿದ್ದಳು. ಬಟ್ಟಲಿನಿಂದ ಬಿದಿರಿನ ಕೊಳವೆಗಳ ಮೂಲಕ ಅದು ಮೂರು ಸಾಲಿಗೆ ಇಳಿಯಬೇಕು. ಬಿಡುವ ಕೈ ಹದ ತಪ್ಪಿದರೆ ಒಂದು ಕಡೆ ದಟ್ಟ, ಒಂದು ಕಡೆ ಬೋಳು. ಅವಳ ಸಾಲಿನಲ್ಲಿ ಬೋಳು ಇರುತ್ತಿರಲಿಲ್ಲ. ಬಿತ್ತನೆ ಬಂದರೆ ಬೇರೆ ಮನೆಯವರೂ ಅವಳನ್ನು ಕರೆಯುತ್ತಿದ್ದರು.

"ಅಕ್ಕಾರೆ, ನಾಳೆ ನಮ್ಮ ಹೊಲಕ್ಕೂ ಆ ಕೈ ಸ್ವಲ್ಪ ಕೊಡ್ರಿ," ಎಂದು ಪಕ್ಕದ ಹೊಲದವನು ಬದುವಿನ ಮೇಲಿಂದ ಕೇಳಿದ.

"ಕೈ ಒಂದೇ ಕಳ್ಸಾಕೆ ಆಗಲ್ಲಪ್ಪ, ಜೊತೆಗೆ ಹೊಟ್ಟೇನೂ ಬರ್ತೈತೆ. ರೊಟ್ಟಿ ಮಾಡ್ಸಿಡು," ಎಂದಳು.

ಮರುವರ್ಷ ನಾನೊಂದು ಹಳೆಯ ಟ್ರ್ಯಾಕ್ಟರ್ ತಂದೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೊಸ ಕೂರಿಗೆ ಕೊಳ್ಳುವ ಬದಲು ಇದ್ದದ್ದನ್ನೇ ಟ್ರ್ಯಾಕ್ಟರಿನ ಹಿಂದಿನ ಮೂರು ಕೊಂಡಿಗಳಿಗೆ ಕೂರಿಸೋಣವೆಂದು ಜಗಳೂರಿನ ವೆಲ್ಡಿಂಗ್ ಅಂಗಡಿಗೆ ಒಯ್ದೆ. ನೊಗಕ್ಕೆ ಹೋಗುವ ಉದ್ದನೆಯ ಮರ, ಈಸು, ಅಡ್ಡ ಬರುತ್ತಿತ್ತು.

"ಇದು ಕೊಯ್ದ್ರೆ ಮತ್ತೆ ಎತ್ತಿಗೆ ಕಟ್ಟಾಕೆ ಬರಲ್ಲ, ನೋಡ್ರಿ," ಎಂದ ಅಂಗಡಿಯವನು.

ಕೊಯ್ಯಿ ಎಂದೆ. ಅಡ್ಡಮರಕ್ಕೆ ಕಬ್ಬಿಣದ ಪಟ್ಟಿ ಬಿಗಿದು, ಕೆಳಗೆರಡು, ಮೇಲೊಂದು ಪಿನ್ನಿಗೆ ಜಾಗ ಮಾಡಿದ. ಹಿಂದೆ ಅವಳು ಕೂರಲು ಒಂದು ಹಲಗೆ ಹಾಕಿಸಿದೆ.

ಬಿತ್ತನೆಯ ದಿನ ಅವಳು ಹಲಗೆಯ ಮೇಲಿಂದ ಕೂಗಿದಳು. "ರೀ, ಸ್ವಲ್ಪ ನಿಲ್ಸ್ರಿ. ಸಾಲು ಹಿಡಿದಾಗೆಲ್ಲ ಬೀಜ ಬಟ್ಟಲಾಗೇ ನಿಲ್ತೈತೆ. ಕೆಳಗೆ ಇಳೀತಿಲ್ಲ."

"ಮಾತುಮಾತಿಗೆ ನಿಲ್ಸಾಕೆ ಇದೇನು ಎತ್ತಾ? ನೀನು ಕೈ ಆಡ್ಸು," ಎಂದೆ.

ಪೈರು ಎದ್ದಾಗ ಪ್ರತಿ ಸಾಲಿನ ಮೊದಲಲ್ಲೂ ನಾಲ್ಕೈದು ಮಾರು ಬೋಳು, ಆಮೇಲೆ ಒಂದೇ ಕಡೆ ಗುಂಪು. ಪಕ್ಕದ ಹೊಲದವನು ನಕ್ಕ. "ಏನಣ್ಣ, ಅಕ್ಕಾರು ಟ್ರ್ಯಾಕ್ಟರ್ ಮ್ಯಾಲೆ ತೂಕಡಿಸಿದ್ರೇನು?"

"ಅವಳ ಕೈಗೆ ಮೊದಲಿನ ಹದ ಇಲ್ಲ ಬಿಡಪ್ಪ," ಎಂದೆ. ನನ್ನ ಟ್ರ್ಯಾಕ್ಟರಿನ ಮರ್ಯಾದೆ ಉಳಿಯಬೇಕಿತ್ತು. ಬುತ್ತಿ ಹೊತ್ತು ಬಂದಿದ್ದ ಅವಳು ಹಿಂದೆಯೇ ನಿಂತಿದ್ದಳು. ಬುತ್ತಿ ಇಳಿಸಿ, ನೀರು ಕೊಟ್ಟಳು. ಮುಂದಿನ ಬಿತ್ತನೆಗೆ ಅವಳನ್ನು ಯಾರೂ ಕರೆಯಲಿಲ್ಲ. ನಾನೂ ಕರೆಯಲಿಲ್ಲ.

ಆ ಸಲ ಹಲಗೆಯ ಮೇಲೆ ಪಕ್ಕದ ಹೊಲದವನ ಹೆಂಡತಿ ಕೂತಿದ್ದಳು. ಎರಡನೇ ಸಾಲಿಗೇ ಅವಳೂ ಅದೇ ಮಾತು ಕೂಗಿದಳು. ಹೊರಗಿನವಳಲ್ಲವೇ, ಇಳಿದು ನೋಡಿದೆ. ಕೊಳವೆಗಳ ಬಾಯಿಗೆ ಮಣ್ಣು ಮೆತ್ತಿತ್ತು. ಎತ್ತು ಕಟ್ಟಿದಾಗ ಅವು ಹೆಜ್ಜೆ ಇಟ್ಟ ಮೇಲೆ ಕೂರಿಗೆ ನೆಲಕ್ಕೆ ಒತ್ತುತ್ತಿದ್ದೆವು. ಈಗ ನಾನು ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಲಿವರ್ ಒತ್ತಿ, ಕೂರಿಗೆಯನ್ನು ನೇರವಾಗಿ ನೆಲಕ್ಕೆ ಕುಕ್ಕುತ್ತಿದ್ದೆ. ಮೆತ್ತಿದ ಮಣ್ಣು ನಾಲ್ಕೈದು ಮಾರು ಹೋದ ಮೇಲೆ ಸಡಿಲವಾಗಿ, ನಿಂತ ಬೀಜವೆಲ್ಲ ಒಮ್ಮೆಗೇ ಸುರಿಯುತ್ತಿತ್ತು. ಕೊಳವೆ ಕೊಡವಿ, ಟ್ರ್ಯಾಕ್ಟರ್ ಮುಂದಕ್ಕೆ ಹೊರಟ ಮೇಲೆ ಕೂರಿಗೆ ಇಳಿಸಿದೆ. ಆಮೇಲೆ ಬೋಳು ಬೀಳಲಿಲ್ಲ.

ಪೈರು ಎದ್ದ ಮೇಲೆ ಮನೆಯಲ್ಲಿ ಅವಳೇ ಕೇಳಿದಳು.

"ಸಾಲು ಹೆಂಗೆ ಬಂದಾವೆ?"

"ಚೆನ್ನಾಗಿ ಬಂದಾವೆ."

"ಅವಳ ಕೈ ಚಲೋ ಐತೆ ಹಂಗಾದ್ರೆ," ಎಂದು ರೊಟ್ಟಿ ತಿರುವಿ ಹಾಕಿದಳು.

ಆಗ ಹೇಳಬಹುದಿತ್ತು. ರೊಟ್ಟಿ ಮುರಿದು ತಿಂದೆ. ಮುಂದೆ ಹೇಳಿದರಾಯಿತು ಅಂದುಕೊಂಡೆ. ಎರಡು ಬಿತ್ತನೆ ಕಳೆದವು. ಮೂರನೆಯದಕ್ಕೆ ಮೊದಲು ಜ್ವರ ಬಂದು, ಎಂಟೇ ದಿನದಲ್ಲಿ ಅವಳು ಹೋದಳು.

ಕೂರಿಗೆ ಕೊಟ್ಟಿಗೆಯಲ್ಲಿದೆ. ಬಟ್ಟಲೂ ಇದೆ. ತಪ್ಪು ನಿನ್ನ ಕೈಯದಲ್ಲ, ನನ್ನದು ಎಂದು ಅವಳಿಗೆ ನಾನು ಹೇಳಲೇ ಇಲ್ಲ.